ವಾದದಲ್ಲಿ ಸೋಲಿಸಲಾಗದ ಯೇಸು

ನಮ್ಮೂರ ಮಸೀದಿ ಪಕ್ಕದ ಚಹಾದಂಗಡಿಯಲ್ಲಿ ಮೊನ್ನೆ ಒಬ್ಬ ಹುಡುಗ ಮೊಬೈಲನ್ನು ನನ್ನ ಮುಂದೆ ಹಿಡಿದ. ಹಳೆಯ ವಿಡಿಯೊ. ದಕ್ಷಿಣ ಆಫ್ರಿಕಾದ ಅಹ್ಮದ್ ದೀದಾತ್ ವೇದಿಕೆಯ ಮೇಲೆ ನಿಂತು, ತಾನು ದೇವರು, ತನ್ನನ್ನು ಆರಾಧಿಸಿ ಎಂದು ಯೇಸು ಬಾಯಿಬಿಟ್ಟು ಹೇಳಿದ ಒಂದು ವಾಕ್ಯವನ್ನಾದರೂ ಬೈಬಲಿನಲ್ಲಿ ತೋರಿಸಿ ಎಂದು ಸವಾಲು ಹಾಕುತ್ತಿದ್ದರು.

“ನೋಡಿ ಚಾಚಾ, ಹೇಗೆ ಬಾಯಿ ಮುಚ್ಚಿಸಿದ್ದಾರೆ!” ಎಂದ ಹುಡುಗ.

“ಯಾರ ಬಾಯಿ?” ಎಂದೆ.

ಪ್ರಾಥಮಿಕ ಶಾಲೆಯಲ್ಲಿ ಅವನಿಗೆ ಅಕ್ಷರ ಕಲಿಸಿದ ಕ್ರೈಸ್ತ ಟೀಚರಿಗೂ ಇದನ್ನು ಕಳಿಸಿದ್ದನಂತೆ. ಅವರು ಉತ್ತರಿಸಿರಲಿಲ್ಲ. ಆ ಮೌನವನ್ನೇ ಅವನು ತನ್ನ ಗೆಲುವೆಂದು ಬಗೆದಿದ್ದ. ನನಗೆ ನಾಚಿಕೆಯಾಯಿತು.

ತಪ್ಪು ತಿಳಿಯಬೇಡಿ. ನಾನು ಮುಸ್ಲಿಮ. ಹಝ್ರತ್ ಈಸಾ(ಅ) ಅಲ್ಲಾಹನ ದಾಸ ಮತ್ತು ಪ್ರವಾದಿ, ದೇವರಲ್ಲ ಎಂಬುದು ನನ್ನ ಈಮಾನ್. ಅದರಲ್ಲಿ ರಾಜಿಯಿಲ್ಲ. ನನ್ನ ತಕರಾರಿರುವುದು ಪರರ ವಿಶ್ವಾಸವನ್ನು ಅರಿಯದೆಯೇ ಅದನ್ನು ಉರುಳಿಸಿಬಿಟ್ಟೆವೆಂದು ಬೀಗುವ ನಮ್ಮ ಚಟದ ಬಗ್ಗೆ.

ಯೇಸುವಿನ ದೈವತ್ವ ಕಣ್ಣಿಗೆ ಕಾಣುವಂಥದ್ದು, ತರ್ಕದಿಂದ ಸಾಬೀತಾಗುವಂಥದ್ದು ಎಂದು ಕ್ರೈಸ್ತರ ಗ್ರಂಥವೇ ಹೇಳುವುದಿಲ್ಲ. ಸುವಾರ್ತೆಗಳನ್ನು ತೆರೆದು ನೋಡಿ. ನಜರೇತಿನ ಜನ ಕಂಡದ್ದು ಬಡಗಿಯ ಮಗನನ್ನು. ರೋಮನ್ ಸಿಪಾಯಿಗಳು ಕಂಡದ್ದು ಒಬ್ಬ ಅಪರಾಧಿಯನ್ನು. ಶಿಷ್ಯ ಪೇತ್ರನು ಯೇಸುವನ್ನು ದೇವರ ಮಗನೆಂದಾಗ, ಇದು ನಿನಗೆ ತಿಳಿದದ್ದು ಮನುಷ್ಯರಿಂದಲ್ಲ, ದೇವರಿಂದ ಎಂಬ ಉತ್ತರ ಬರುತ್ತದೆ. ಗಾಯ ನೋಡದೆ ನಂಬೆನೆಂದ ತೋಮನಿಗೆ, ಕಾಣದೆಯೇ ನಂಬುವವರು ಧನ್ಯರು ಎಂಬ ಮಾತು ಸಿಗುತ್ತದೆ. ಪವಿತ್ರಾತ್ಮನ ನೆರವಿಲ್ಲದೆ ಯಾರೂ ಯೇಸುವನ್ನು ಪ್ರಭುವೆನ್ನಲಾರರು ಎಂದು ಪೌಲ ಕೊರಿಂಥದವರಿಗೆ ಬರೆಯುತ್ತಾನೆ. ಅಂದರೆ ಅವರ ಪ್ರಕಾರ ಯೇಸುವಿನ ದೈವತ್ವದ ಗುರುತು ಸಿಗುವುದು ವಿಶ್ವಾಸದ ಕಣ್ಣಿಗೆ ಮಾತ್ರ. ನಮಗೆ ದೇವವಾಣಿ ಎಂದರೆ ಗ್ರಂಥ. ಅವರಿಗೆ ದೇವವಾಣಿ ಎಂದರೆ ಯೇಸು ಎಂಬ ವ್ಯಕ್ತಿಯೇ. ಹೀಗಿರುವಾಗ ಒಂದು ವಾಕ್ಯ ತೋರಿಸಿ ಎನ್ನುವುದು ಸೇರಿನಲ್ಲಿ ಬಟ್ಟೆ ಅಳೆದಂತೆ.

ಇನ್ನೊಂದು ಮಾತೂ ನಮ್ಮಲ್ಲಿ ಚಾಲ್ತಿಯಲ್ಲಿದೆ: ಕ್ರಿ.ಶ. 325ರಲ್ಲಿ ನಿಕೇಯ ಪರಿಷತ್ತಿನಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಮತ ಹಾಕಿಸಿ ಯೇಸುವನ್ನು ದೇವರನ್ನಾಗಿ ಮಾಡಿದ ಎಂಬುದು. 2003ರಲ್ಲಿ ಬಂದ ‘ದ ಡಾವಿಂಚಿ ಕೋಡ್’ ಕಾದಂಬರಿ ಇಂಥದೇ ಮಾತನ್ನು ಜಗತ್ತಿಗೆಲ್ಲ ಹಂಚಿತು. ಇತಿಹಾಸ ಹಾಗಿಲ್ಲ. ಆ ಪರಿಷತ್ತಿಗೆ ಸುಮಾರು ಇನ್ನೂರು ವರ್ಷ ಮುಂಚೆ, ಕ್ರಿ.ಶ. 112ರ ಹೊತ್ತಿಗೆ, ರೋಮನ್ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರವಿದೆ. ಕ್ರೈಸ್ತರು ನಸುಕಿನಲ್ಲೇ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆಂದು ಅದರಲ್ಲಿದೆ. ಬರೆದವನು ಕ್ರೈಸ್ತನಲ್ಲ, ಅವರನ್ನು ದಂಡಿಸುತ್ತಿದ್ದವನು. ನಿಕೇಯದ ಜಗಳವಿದ್ದದ್ದು ಮಗನೂ ತಂದೆಯೂ ಒಂದೇ ಸತ್ವವೇ ಎಂಬುದರ ಮೇಲೆ. ಅಲ್ಲಿ ಸೋತ ಆರಿಯಸ್ ಕೂಡ ಯೇಸುವನ್ನು ಬರೀ ಮನುಷ್ಯ ಎಂದವನಲ್ಲ. ಸುಳ್ಳು ಇತಿಹಾಸದ ಊರುಗೋಲು ತೌಹೀದಿಗೆ ಬೇಕೇ?

ಈ ಚಟ ನಮ್ಮದಷ್ಟೇ ಅಲ್ಲ. ಕುರ್‌ಆನ್ ಈಸಾ(ಅ)ರನ್ನು ಅಲ್ಲಾಹನ ವಚನ, ಅವನ ಕಡೆಯ ಆತ್ಮ ಎಂದು ಕರೆದಿದೆಯಲ್ಲ, ಆದ್ದರಿಂದ ಯೇಸು ದೇವರೆಂದು ನಿಮ್ಮ ಗ್ರಂಥವೇ ಒಪ್ಪುತ್ತದೆ ಎಂದು ಕರಪತ್ರ ಹಂಚುವ ಕ್ರೈಸ್ತ ಪ್ರಚಾರಕರಿದ್ದಾರೆ. ಅದೇ ಆಯತ್ತು ತ್ರಿತ್ವವನ್ನು ಹೇಳಬೇಡಿ ಎಂದೂ ಎಚ್ಚರಿಸುವುದನ್ನು ಅವರು ನುಂಗಿಬಿಡುತ್ತಾರೆ. ನಮ್ಮ ಗ್ರಂಥವನ್ನು ಅವರು ಕದಿಯುವುದು, ಅವರದನ್ನು ನಾವು ಕದಿಯುವುದು: ಇದಕ್ಕೆ ಸಂವಾದ ಎಂಬ ದೊಡ್ಡ ಹೆಸರು!

ಇದರಿಂದ ಏನು ನಷ್ಟ ಎನ್ನುವವರು 2008ರ ಸೆಪ್ಟೆಂಬರ್ 14ನ್ನು ನೆನಪಿಸಿಕೊಳ್ಳಲಿ. ಆ ಭಾನುವಾರ ಮಂಗಳೂರಿನ ಸನ್ಯಾಸಿನಿಯರ ಆರಾಧನಾ ಮಠಕ್ಕೆ ನುಗ್ಗಿದವರು ಶಿಲುಬೆ ಮುರಿದರು, ಪರಮಪ್ರಸಾದವಿಟ್ಟಿದ್ದ ಪೆಟ್ಟಿಗೆ ಒಡೆದು ಅದನ್ನು ಅಪವಿತ್ರಗೊಳಿಸಿದರು. ಲೆಕ್ಕ ಬರೆಯುವ ಗುಮಾಸ್ತನಿಗೆ ಅದು ಇಷ್ಟು ಗಾಜು, ಇಷ್ಟು ಮರ, ಒಂದಿಷ್ಟು ತೆಳ್ಳನೆಯ ಗೋಧಿ ರೊಟ್ಟಿ. ಆದರೆ ಕ್ಯಾಥೊಲಿಕರಿಗೆ ಆ ರೊಟ್ಟಿಯಲ್ಲಿರುವುದು ಸಾಕ್ಷಾತ್ ಕ್ರಿಸ್ತ. ಅವರ ವಿಶ್ವಾಸದ ಕಣ್ಣಿನಿಂದ ಒಂದು ಗಳಿಗೆಯಾದರೂ ನೋಡದವನಿಗೆ ಅಂದು ಅಲ್ಲಿ ಆದ ಗಾಯವೇ ಕಾಣದು. ಎಲ್ಲೋ ಕುರ್‌ಆನ್ ಸುಟ್ಟರೆಂಬ ಸುದ್ದಿ ಬಂದಾಗ ನಮ್ಮ ಕರುಳು ಕಿವಿಚುವುದು ಕಾಗದದ ಬೆಲೆಗಾಗಿ ಅಲ್ಲವಷ್ಟೆ? ಮಠಕ್ಕೆ ನುಗ್ಗಿದವನೂ ವಿಡಿಯೊ ಕಳಿಸಿದ ನಮ್ಮ ಹುಡುಗನೂ ಒಂದೇ ಎನ್ನುತ್ತಿಲ್ಲ. ಆದರೆ ಎದುರಿನವರ ಪವಿತ್ರವಸ್ತು ಬರೀ ಮೂರ್ಖತನ ಎಂಬ ಪಾಠವನ್ನು ಇಬ್ಬರಿಗೂ ಯಾರೋ ಕಲಿಸಿದ್ದಾರೆ.

ಪರರ ವಿಶ್ವಾಸವನ್ನು ಹೀಗೆ ಗುರುತಿಸುವುದು ಶಿರ್ಕ್ ಆಗದೇ ಎಂದು ಕೆಲವರು ಹುಬ್ಬೇರಿಸುತ್ತಾರೆ. ಅರಿಯುವುದು ಬೇರೆ, ಒಪ್ಪುವುದು ಬೇರೆ. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಬರೆದು ಯೇಸುವಿನ ಕೊನೆಯ ದಿನವನ್ನು ಕನ್ನಡಕ್ಕೆ ತಂದರು. ಅದರಿಂದ ಅವರು ಕ್ರೈಸ್ತರಾಗಲಿಲ್ಲ, ಕನ್ನಡ ಶ್ರೀಮಂತವಾಯಿತು. ಕಥೆ ಬರೆಯುವ ನನಗೆ ಗೊತ್ತಿರುವುದೂ ಇಷ್ಟೇ: ಇನ್ನೊಬ್ಬರ ಕಣ್ಣಿನಿಂದ ನೋಡಿದರೆ ನಮ್ಮ ಕಣ್ಣು ಕುರುಡಾಗುವುದಿಲ್ಲ.

ಹಾಗಾದರೆ ಸತ್ಯ ಹೇಳಬಾರದೇ? ಹೇಳಬೇಕು. ಅಬಿಸೀನಿಯದ ಕ್ರೈಸ್ತ ದೊರೆ ನಜ್ಜಾಶಿಯ ಮುಂದೆ ಜಅಫರ್ ಬಿನ್ ಅಬೀತಾಲಿಬ್ ಏನನ್ನೂ ಮುಚ್ಚಿಡಲಿಲ್ಲ. ಮರ್ಯಮ್ ಅಧ್ಯಾಯ ಓದಿದರು, ಈಸಾ(ಅ) ಅಲ್ಲಾಹನ ದಾಸರೆಂದರು. ಆದರೆ ದೊರೆಯ ಗ್ರಂಥವನ್ನು ಗೇಲಿ ಮಾಡಲಿಲ್ಲ, ಆಶ್ರಯ ಪಡೆದರು. ನಜ್ರಾನಿನ ಕ್ರೈಸ್ತರು ಮದೀನಕ್ಕೆ ಬಂದಾಗ ಪ್ರವಾದಿಯವರ(ಸ) ಮಸೀದಿಯಲ್ಲೇ ತಮ್ಮ ಪ್ರಾರ್ಥನೆ ಸಲ್ಲಿಸಿದರೆಂದು ಇಬ್ನ್ ಇಸ್‌ಹಾಕ್ ಬರೆದಿದ್ದಾರೆ. ಈಸಾ(ಅ)ರ ಬಗ್ಗೆ ವಾದ ತೀವ್ರವಾಗಿಯೇ ನಡೆಯಿತು, ಅವರು ಒಪ್ಪಲಿಲ್ಲ, ಕೊನೆಗೆ ಒಪ್ಪಂದ ಮಾಡಿಕೊಂಡು ತಮ್ಮ ವಿಶ್ವಾಸದೊಂದಿಗೇ ಮರಳಿದರು. ಇತರರು ಆರಾಧಿಸುವುದನ್ನು ಹೀಯಾಳಿಸಬೇಡಿ ಎಂದು ಅಲ್ ಅನ್‌ಆಮ್ ಅಧ್ಯಾಯ ಅಪ್ಪಣೆ ಮಾಡುತ್ತದೆ. ಅಲ್ ಮಾಇದಃ ಅಧ್ಯಾಯದಲ್ಲಿ, ನನ್ನನ್ನೂ ತಾಯಿಯನ್ನೂ ಆರಾಧಿಸಿ ಎಂದು ಜನರಿಗೆ ನೀನು ಹೇಳಿದ್ದೆಯಾ ಎಂದು ಅಲ್ಲಾಹನು ಈಸಾ(ಅ)ರನ್ನು ಕೇಳುವ ಸನ್ನಿವೇಶವಿದೆ. ಅವರು ಇಲ್ಲವೆನ್ನುತ್ತಾರೆ. ಆದರೆ ಆ ಜನರನ್ನು ಶಪಿಸುವುದಿಲ್ಲ. ಶಿಕ್ಷಿಸಿದರೆ ಅವರು ನಿನ್ನ ದಾಸರು, ಕ್ಷಮಿಸಿದರೆ ನೀನು ಪ್ರಬಲನೂ ಯುಕ್ತಿವಂತನೂ ಎಂದು ತೀರ್ಪನ್ನು ಅಲ್ಲಾಹನಿಗೇ ಬಿಡುತ್ತಾರೆ.

ಸ್ವತಃ ಈಸಾ(ಅ) ಕೈಗೆತ್ತಿಕೊಳ್ಳದ ತೀರ್ಪನ್ನು ನಾವು ಮೊಬೈಲಿನಲ್ಲಿ ಕಳಿಸುತ್ತಿದ್ದೇವೆ!

ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. “ಟೀಚರ್ ಮನೆಗೆ ಹೋಗು. ಕ್ಷಮೆ ಕೇಳು. ಆಮೇಲೆ ಯೇಸು ಅವರಿಗೆ ಏನು ಎಂದು ಕೇಳು; ಅವರು ಮುಗಿಸುವವರೆಗೆ ಬಾಯಿ ಹಾಕಬೇಡ. ಅವರು ಕೇಳಿದರೆ ಈಸಾ ನಮಗೆ ಏನು ಎಂದು ಹೇಳಿ ಬಾ” ಎಂದೆ.

ಅವನು ಹೋದನೋ ಇಲ್ಲವೋ ತಿಳಿಯದು. ಚಹಾ ಮುಗಿಸಿ ಮೊಬೈಲನ್ನು ಜೇಬಿಗಿಟ್ಟುಕೊಂಡು ಎದ್ದ. ಅಷ್ಟು ಹೊತ್ತು ಸುಮ್ಮನೆ ಕೂತು ಕೇಳಿದ್ದನಲ್ಲ, ನನಗೆ ಆಸೆ ಇರುವುದು ಅದರಲ್ಲೇ.