ಆಂಧ್ರ ರಣಜಿ ತಂಡ: ಕ್ವಾರ್ಟರ್ ಫೈನಲ್ ಹೊಸ್ತಿಲಲ್ಲಿ ಇನ್ನೆಷ್ಟು ಕಾಲ?

2026ರ ಫೆಬ್ರವರಿ ತಿಂಗಳು ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಕ್ರಿಕೆಟ್ಟಿನಲ್ಲಿ ಎರಡು ಸೋಲುಗಳನ್ನು ಬೆನ್ನುಬೆನ್ನಿಗೆ ಕೊಟ್ಟಿತು. ಮೊದಲು ಬಂಗಾಳದ ಕಲ್ಯಾಣಿಯಲ್ಲಿ ಆಂಧ್ರ ತಂಡ ರಣಜಿ ಟ್ರೋಫಿಯ ಕ್ವಾರ್ಟರ್ ಫೈನಲ್ ಸೋತು ಹೊರಬಿತ್ತು. ತಿಂಗಳ ಕೊನೆಗೆ ಹುಬ್ಬಳ್ಳಿಯಲ್ಲಿ, ತವರಿನ ಪ್ರೇಕ್ಷಕರ ಕಣ್ಣೆದುರೇ, ಕರ್ನಾಟಕ ತಂಡ ಫೈನಲ್‌ನಲ್ಲಿ ಜಮ್ಮು-ಕಾಶ್ಮೀರಕ್ಕೆ ಮೊದಲ ಇನ್ನಿಂಗ್ಸ್ ಮುನ್ನಡೆ ಬಿಟ್ಟುಕೊಟ್ಟು ಒಂಬತ್ತನೆಯ ಪ್ರಶಸ್ತಿಯನ್ನು ಕೈಚೆಲ್ಲಿತು. ಹುಬ್ಬಳ್ಳಿಯ ಸೋಲಿನ ಬಗ್ಗೆ ಬರೆಯುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಲ್ಯಾಣಿಯ ಸೋಲನ್ನು ಕುರಿತು ಕನ್ನಡದಲ್ಲಿ ಯೋಚಿಸಬೇಕಾದವರು ಬಹುಶಃ ನಾವೇ. ನಮ್ಮ ಮಕ್ಕಳು ಚೆಂಡು ಹಿಡಿಯಲು ಕಲಿತದ್ದು ಇಲ್ಲಿಯ ಬಯಲುಗಳಲ್ಲಿ. ಅವರಲ್ಲಿ ಒಬ್ಬ ಮುಂದೆ ಬಂದರೆ ಅವನ ಎದೆಯ ಮೇಲಿರುವುದು ಆಂಧ್ರದ ಲಾಂಛನ.

ಒಂದು ಸಂಗತಿ ನಮ್ಮನ್ನು ಬಹಳ ದಿನಗಳಿಂದ ಕಾಡುತ್ತಿದೆ. 2020ರ ಫೆಬ್ರವರಿಯಲ್ಲಿ, ಒಂದೇ ವಾರದಲ್ಲಿ, ಎರಡು ತಂಡಗಳು ರಣಜಿ ಕ್ವಾರ್ಟರ್ ಫೈನಲ್‌ನಲ್ಲಿ ಮುಗ್ಗರಿಸಿದವು. ಜಮ್ಮುವಿನಲ್ಲಿ ಕರ್ನಾಟಕ ತಂಡ ಜಮ್ಮು-ಕಾಶ್ಮೀರವನ್ನು ಸೋಲಿಸಿತು. ಒಂಗೋಲಿನಲ್ಲಿ ಸೌರಾಷ್ಟ್ರದ 419 ರನ್ನುಗಳಿಗೆ ಉತ್ತರವಾಗಿ ಆಂಧ್ರ 136ಕ್ಕೆ ಉರುಳಿತು. ಅಂದು ಎರಡೂ ಸೋತ ತಂಡಗಳ ಯೋಗ್ಯತೆ ಹೆಚ್ಚುಕಡಿಮೆ ಒಂದೇ ಆಗಿತ್ತು. ನಿಜ ಹೇಳಬೇಕೆಂದರೆ ಆಂಧ್ರದ ಕೈಯೇ ಮೇಲಿತ್ತು. ಆರು ವರ್ಷಗಳ ಬಳಿಕ ಅವುಗಳಲ್ಲಿ ಒಂದು ಭಾರತದ ಚಾಂಪಿಯನ್. ಇನ್ನೊಂದು ಅದೇ ಹೊಸ್ತಿಲಲ್ಲಿ ನಿಂತಿದೆ. ನಡುವೆ ಏನಾಯಿತು ಎಂಬುದೇ ಪ್ರಶ್ನೆ.

ಆಂಧ್ರ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು ಆಂಧ್ರ ರಾಜ್ಯ ಹುಟ್ಟಿದ 1953ರಲ್ಲೇ. ಮೊದಲ ಋತುವಿನಲ್ಲಿ ತಂಡವನ್ನು ಮುನ್ನಡೆಸಲು ಬಂದವರು ಸಾಕ್ಷಾತ್ ಸಿ.ಕೆ. ನಾಯುಡು, ಆಗ ಅವರಿಗೆ 58 ವರ್ಷ! ಅಂದಿನಿಂದ ಇಂದಿನವರೆಗೆ ಈ ತಂಡ ಒಮ್ಮೆಯೂ ಫೈನಲ್ ಆಡಿಲ್ಲ. ಇದನ್ನು ಕೇಳಿ ನಗುವ ಬೆಂಗಳೂರಿನ ಬಂಧುಗಳಿಗೆ ನಾವು ನೆನಪಿಸುವುದಿಷ್ಟೇ: ಮೈಸೂರು ತಂಡವಾಗಿ 1934ರಲ್ಲಿ ಹೊರಟ ನಮ್ಮವರಿಗೆ ಮೊದಲ ಟ್ರೋಫಿ ದಕ್ಕಲು 1974 ಬರಬೇಕಾಯಿತು. ಮುಂಬಯಿಯ ಸತತ 15 ವರ್ಷಗಳ ಆಧಿಪತ್ಯವನ್ನು ಪ್ರಸನ್ನ ಅವರ ತಂಡ ಮುರಿಯುವ ಹೊತ್ತಿಗೆ ನಾಲ್ಕು ದಶಕ ಕಳೆದಿತ್ತು. ತಡವಾಗಿ ಗೆಲ್ಲುವುದು ಅವಮಾನವೇನಲ್ಲ.

ಆಂಧ್ರದಲ್ಲಿ ಪ್ರತಿಭೆಗೆ ಕೊರತೆಯಿದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ವಿಶಾಖಪಟ್ಟಣದ ಕೆ.ಎಸ್. ಭರತ್ 2015ರಲ್ಲಿ ಗೋವಾ ಎದುರು 308 ರನ್ ಹೊಡೆದು, ರಣಜಿಯಲ್ಲಿ ತ್ರಿಶತಕ ಗಳಿಸಿದ ಮೊದಲ ವಿಕೆಟ್ ಕೀಪರ್ ಎನಿಸಿದರು. ಮುಂದೆ ಏಳು ಟೆಸ್ಟ್ ಪಂದ್ಯಗಳನ್ನಾಡಿದರು. ಗುಂಟೂರಿನ ಶೇಖ್ ರಶೀದ್ 2022ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡದ ಉಪನಾಯಕ. ರಿಕಿ ಭುಯಿ 2023-24ರ ರಣಜಿ ಋತುವಿನಲ್ಲಿ 902 ರನ್ ಕೂಡಿಸಿ ಇಡೀ ದೇಶಕ್ಕೆ ಮೊದಲಿಗರಾದರು. ಇನ್ನು ನಿತೀಶ್ ಕುಮಾರ್ ರೆಡ್ಡಿ 2024ರ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಬಾರಿಸಿದ 114ನ್ನು ಯಾರು ಮರೆತಾರು! ಅಶ್ವಿನ್ ಹೆಬ್ಬಾರ್ ಎಂಬ ಹೆಸರು ಸ್ಕೋರ್ ಪಟ್ಟಿಯಲ್ಲಿ ಕಂಡಾಗ ನಮ್ಮವರ ಕಿವಿ ನಿಮಿರುವುದೂ ಉಂಟು.

ಹಾಗಿದ್ದರೆ ತೊಡಕೆಲ್ಲಿ? ಇಂದೋರಿನ ಎರಡು ಪಂದ್ಯಗಳನ್ನು ಮುಂದಿಟ್ಟುಕೊಂಡರೆ ಉತ್ತರ ತಾನಾಗಿ ಹೊಳೆಯುತ್ತದೆ.

2023ರ ಕ್ವಾರ್ಟರ್ ಫೈನಲ್. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ ಮಧ್ಯಪ್ರದೇಶ. ಭುಯಿ 149, ಕರಣ್ ಶಿಂಧೆ 110. ಆಂಧ್ರದ ಮೊತ್ತ 379. ಆವೇಶ್ ಖಾನ್ ಚೆಂಡಿಗೆ ಮುಂಗೈ ಮುರಿದುಕೊಂಡ ನಾಯಕ ಹನುಮ ವಿಹಾರಿ, ಬಲಗೈ ಆಟಗಾರರಾಗಿದ್ದರೂ ಎಡಗೈಯವರಂತೆ ನಿಂತು ಒಂದೇ ಕೈಯಲ್ಲಿ ಬ್ಯಾಟ್ ಬೀಸಿದ ಪಂದ್ಯವದು. ಮಧ್ಯಪ್ರದೇಶ 228ಕ್ಕೆ ಮುಗಿಯಿತು. 151 ರನ್ನುಗಳ ಮುನ್ನಡೆ ಕೈಯಲ್ಲಿತ್ತು. ಇನ್ನೊಂದು 200 ರನ್ ಸೇರಿಸಿದ್ದರೆ ಸಾಕಿತ್ತು. ಆಂಧ್ರ ಎರಡನೆಯ ಸರದಿಯಲ್ಲಿ 93ಕ್ಕೆ ಕುಸಿಯಿತು. ಮಧ್ಯಪ್ರದೇಶ ಐದು ವಿಕೆಟ್‌ಗಳಿಂದ ಗೆದ್ದಿತು.

2024ರ ಕ್ವಾರ್ಟರ್ ಫೈನಲ್. ಅದೇ ಊರು, ಅದೇ ಎದುರಾಳಿ. ಈ ಬಾರಿ ಆಂಧ್ರದ ಬೌಲರುಗಳು ಮಧ್ಯಪ್ರದೇಶವನ್ನು ಎರಡನೆಯ ಸರದಿಯಲ್ಲಿ 107ಕ್ಕೆ ಕಟ್ಟಿಹಾಕಿದರು. ಗೆಲ್ಲಲು ಬೇಕಾದದ್ದು 170. ಆಂಧ್ರ 165ಕ್ಕೆ ಆಲೌಟ್. ನಾಲ್ಕು ರನ್! ಭರತ್ ಆ ದಿನಗಳಲ್ಲಿ ಭಾರತ ತಂಡದೊಂದಿಗಿದ್ದರು. ಅವರಿದ್ದಿದ್ದರೆ ಆ ನಾಲ್ಕು ರನ್ ಬರುತ್ತಿತ್ತೇ ಎಂದು ನಾವು ಮಿತ್ರರು ಎಷ್ಟೋ ಸಂಜೆ ಚರ್ಚಿಸಿದ್ದೇವೆ. ಆದರೆ ಒಬ್ಬ ಆಟಗಾರ ಮೇಲಕ್ಕೆ ಹೋದೊಡನೆ ಬರಿದಾಗುವ ಜಾಗವನ್ನು ತುಂಬಲು ಇನ್ನೊಬ್ಬ ಸಿದ್ಧನಿರಬೇಕಾದದ್ದು ತಂಡದ ಹೊಣೆ, ಹೋದವನದಲ್ಲ.

ಬ್ಯಾಂಕಿನ ಮೇಜಿನ ಹಿಂದೆ ಆಯುಸ್ಸು ಸವೆಸಿದ ನಮಗೆ ಇದು ಚೆನ್ನಾಗಿ ಅರ್ಥವಾಗುವ ಲೆಕ್ಕ. ಒಂದು ಶಾಖೆಯ ಗಟ್ಟಿತನ ತಿಳಿಯುವುದು ಠೇವಣಿ ಹರಿದುಬರುವ ದಿನವಲ್ಲ, ಹಣ ಹಿಂಪಡೆಯಲು ಜನ ಸಾಲುಗಟ್ಟಿ ನಿಂತ ದಿನ ಪೆಟ್ಟಿಗೆಯಲ್ಲಿ ಎಷ್ಟು ನಗದಿದೆ ಎಂಬುದರಿಂದ. ಆಂಧ್ರದ ಬ್ಯಾಟಿಂಗ್ ಮೊದಲ ಸರದಿಯ ಠೇವಣಿಯನ್ನು ನೆಚ್ಚಿಕೊಂಡಿದೆ. ಪಿಚ್ ಒಡೆದ ಮೂರನೆಯ, ನಾಲ್ಕನೆಯ ದಿನ ಆರು, ಏಳು, ಎಂಟನೆಯ ಕ್ರಮಾಂಕದಲ್ಲಿ ನಿಂತು 40 ರನ್ ಸೇರಿಸುವವರು ಸಾಲುತ್ತಿಲ್ಲ. 2026ರ ಕಲ್ಯಾಣಿಯ ಪಂದ್ಯ ಬೇರೆ ಬಗೆಯದು. ಅಲ್ಲಿ ಸುದೀಪ್ ಘರಾಮಿ ಒಬ್ಬರೇ 299 ಹೊಡೆದರು. ಆಂಧ್ರದ ದಾಳಿ ಉಸಿರುಗಟ್ಟಿತು. ಅಂದರೆ ಒಮ್ಮೆ ಬ್ಯಾಟು, ಒಮ್ಮೆ ಚೆಂಡು. ಎರಡೂ ಒಟ್ಟಿಗೆ ಕೂಡಿಬಂದ ಕ್ವಾರ್ಟರ್ ಫೈನಲ್ ಇನ್ನೂ ಆಡಬೇಕಷ್ಟೆ.

ಈಗ ಜಮ್ಮು-ಕಾಶ್ಮೀರದ ಕಡೆ ನೋಡೋಣ. 1959-60ರಲ್ಲಿ ರಣಜಿಗೆ ಬಂದ ತಂಡವದು, ಆಂಧ್ರಕ್ಕಿಂತಲೂ ಕಿರಿಯದು. 2025ರ ಕ್ವಾರ್ಟರ್ ಫೈನಲ್‌ನಲ್ಲಿ ಕೇರಳದೆದುರು ಮೊದಲ ಇನ್ನಿಂಗ್ಸಿನ ಒಂದೇ ಒಂದು ರನ್ ಹಿನ್ನಡೆಯಿಂದ ಹೊರಬಿದ್ದವರು ಅವರು. ಆಂಧ್ರಕ್ಕೆ ನಾಲ್ಕು ರನ್ನಿನ ನೋವಾದರೆ ಅವರಿಗೆ ಒಂದು ರನ್ನಿನದು. ಆ ಸೋಲಿನ ಬಳಿಕ ಅವರು ನಾಯಕನನ್ನು ಬದಲಿಸಲಿಲ್ಲ. ಹಿಮಾಚಲದಿಂದ ಬಂದ, 40 ದಾಟಿದ ಪಾರಸ್ ಡೋಗ್ರಾ ಅವರನ್ನೇ ಮುಂದುವರಿಸಿದರು. ಬಾರಾಮುಲ್ಲಾದ ವೇಗಿ ಆಕಿಬ್ ನಬಿಯ ಸುತ್ತ ದಾಳಿಯನ್ನು ಕಟ್ಟಿದರು. ಹುಬ್ಬಳ್ಳಿಯ ಫೈನಲ್‌ನಲ್ಲಿ ಕರ್ನಾಟಕದ ಮೊದಲ ಸರದಿಯ ಐದು ವಿಕೆಟ್ ಕಿತ್ತವರು ಅದೇ ನಬಿ. ಆಡಳಿತದ ಗೊಂದಲಗಳಿಂದ ಹೆಸರು ಕೆಡಿಸಿಕೊಂಡಿದ್ದ ಆ ಸಂಸ್ಥೆಯ ಮೇಲ್ವಿಚಾರಣೆಯನ್ನು 2021ರಲ್ಲಿ ಮಿಥುನ್ ಮನ್ಹಾಸ್ ಅವರಂಥ ಆಟಗಾರರಿದ್ದ ಉಪಸಮಿತಿಗೆ ವಹಿಸಿದ್ದೂ ನೆರವಾಯಿತೆಂದು ನಮ್ಮ ತಿಳಿವಳಿಕೆ.

ಇದೇ ಅವಧಿಯಲ್ಲಿ ಆಂಧ್ರದಲ್ಲಿ ನಡೆದದ್ದೇನು? ನಾಲ್ಕು ರನ್ನಿನ ಸೋಲಿನ ಬೆನ್ನಿಗೇ, 2024ರ ಫೆಬ್ರವರಿಯಲ್ಲಿ, ವಿಹಾರಿ ಅವರು ಋತುವಿನ ಮೊದಲ ಪಂದ್ಯದ ನಂತರ ತಮ್ಮಿಂದ ನಾಯಕತ್ವ ಬಿಡಿಸಲಾಯಿತೆಂದೂ ಇನ್ನು ಆಂಧ್ರಕ್ಕೆ ಆಡುವುದಿಲ್ಲವೆಂದೂ ಬಹಿರಂಗವಾಗಿ ಹೇಳಿದರು. ಸಂಬಂಧಪಟ್ಟ ಆಟಗಾರ ತಮ್ಮ ಕಡೆಯ ಮಾತನ್ನು ಹೇಳಿದರು. ಯಾರದು ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆ ವರ್ಷವೇ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಸೆಪ್ಟೆಂಬರಿನಲ್ಲಿ ವಿಜಯವಾಡದ ಸಂಸದ ಕೇಶಿನೇನಿ ಶಿವನಾಥ್ ಸಂಸ್ಥೆಯ ಅಧ್ಯಕ್ಷರಾದರು. ವಿಹಾರಿ ಮರಳಿ ಬಂದು 2024-25ರಲ್ಲಿ ಆಡಿದರು. ತಂಡ ನಾಕೌಟ್ ಹಂತಕ್ಕೂ ತಲುಪಲಿಲ್ಲ. ಮರುವರ್ಷ ಅವರು ತ್ರಿಪುರಾಕ್ಕೆ ಹೊರಟುಹೋದರು. 2021ರ ಸಿಡ್ನಿ ಟೆಸ್ಟಿನಲ್ಲಿ ತೊಡೆಯ ಸ್ನಾಯು ಹರಿದಿದ್ದರೂ 161 ಚೆಂಡು ಎದುರಿಸಿ ಭಾರತವನ್ನು ಉಳಿಸಿದ ಮನುಷ್ಯನಿಗೆ ಕಾಕಿನಾಡದ ನೆಲದಿಂದ ಅಗರ್ತಲಕ್ಕೆ ಹೋಗಬೇಕೆನಿಸಿತು ಎಂಬುದಷ್ಟೇ ನಮ್ಮನ್ನು ನೋಯಿಸುವ ಸಂಗತಿ. ಎರಡನೆಯ ಸರದಿಯಲ್ಲಿ ಬೇಕಾದದ್ದು ಅಂಥದೇ ಆಟವಲ್ಲವೇ?

ಈ ವಿಷಯದಲ್ಲಿ ಕರ್ನಾಟಕವನ್ನು ಹೊಗಳಲೂ ನಮಗೆ ಬಾಯಿಲ್ಲ. ಕರುಣ್ ನಾಯರ್ ಅವರನ್ನು ಕೈಬಿಟ್ಟವರು ನಮ್ಮವರೇ. ಅವರು ವಿದರ್ಭಕ್ಕೆ ಹೋಗಿ 2024-25ರ ಫೈನಲ್‌ನಲ್ಲಿ 86 ಮತ್ತು 135 ಹೊಡೆದು ಅವರಿಗೆ ಟ್ರೋಫಿ ಗೆದ್ದುಕೊಟ್ಟ ಮೇಲೆ ಮರಳಿ ಕರೆದದ್ದಾಯಿತು. ವ್ಯತ್ಯಾಸವೇನೆಂದರೆ ಕರ್ನಾಟಕದಲ್ಲಿ ಒಬ್ಬರು ಹೋದರೆ ಅವರ ಜಾಗಕ್ಕೆ ನಾಲ್ವರು ಕಾದಿರುತ್ತಾರೆ. ಬೆಂಗಳೂರಿನ ಕ್ಲಬ್ಬುಗಳ ಲೀಗ್ ಪಂದ್ಯಾವಳಿ ಅಂಥದು. ಆಂಧ್ರದಲ್ಲಿ ಆ ಬಗೆಯ ಒಂದೇ ಮಹಾನಗರದ ಲೀಗ್ ಇಲ್ಲ. ಇಲ್ಲಿ ಜಿಲ್ಲೆಗಳೇ ಆಧಾರ. ಟೆಸ್ಟ್ ನಡೆಯುವ ದೊಡ್ಡ ಮೈದಾನವಿರುವುದು ವಿಶಾಖಪಟ್ಟಣದ ಮಧುರವಾಡದಲ್ಲಿ. ಆಡಳಿತದ ನಂಟು ವಿಜಯವಾಡ-ಮಂಗಳಗಿರಿಯ ಕಡೆಗೆ. ನಡುವೆ ಸುಮಾರು 350 ಕಿಲೋಮೀಟರ್. ವಿಜಯವಾಡದ ಇಂದಿರಾಗಾಂಧಿ ಕ್ರೀಡಾಂಗಣ 2002ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ಎದುರಿನ ಪಂದ್ಯ ಕಂಡದ್ದೇ ಕೊನೆ. ಪುರುಷರ ಅಂತರರಾಷ್ಟ್ರೀಯ ಪಂದ್ಯ ಮತ್ತೆ ಅಲ್ಲಿಗೆ ಬರಲಿಲ್ಲ. ಮೂಲಪಾಡಿನ ಮೈದಾನದಲ್ಲಿ 2016ರಲ್ಲಿ ಮಹಿಳೆಯರ ಸರಣಿ ನಡೆದಾಗ ಒಂದಿಷ್ಟು ಗೆಲುವು ಮೂಡಿತ್ತು. ವಿಶಾಖಪಟ್ಟಣದವರ ಪುಣ್ಯ ದೊಡ್ಡದು: ಧೋನಿಯ 148ನ್ನು 2005ರಲ್ಲಿ ಕಂಡರು, ನಮ್ಮ ಮಯಂಕ್ ಅಗರ್ವಾಲ್ ಅವರ 215ನ್ನು 2019ರಲ್ಲಿ ಕಂಡರು. ಆ ದಿನ ಗ್ಯಾಲರಿಯಲ್ಲಿ ಕನ್ನಡ ಕೂಗು ಕೇಳಿಬಂದಿದ್ದರೆ ಆಶ್ಚರ್ಯವಿಲ್ಲ.

ಮುಂದಿನ ಋತುವಿನ ಪಟ್ಟಿಯ ಬಗ್ಗೆ ನಮ್ಮ ಅಂದಾಜು ಹೀಗಿದೆ. ಮೇಲಿನ ಕ್ರಮಾಂಕಕ್ಕೆ ಚಿಂತೆಯಿಲ್ಲ. ರಶೀದ್ ಮೂರನೆಯ ಕ್ರಮಾಂಕದಲ್ಲಿ ನೆಲೆಯೂರಬೇಕು. ಅವರನ್ನು ಮೇಲೆ ಕೆಳಗೆ ಅಲೆದಾಡಿಸಬಾರದು. ಭುಯಿ ನಾಯಕರಾಗಿಯೇ ಮುಂದುವರಿಯಲಿ. ಒಂದು ಸೋಲಿಗೆ ಒಬ್ಬ ನಾಯಕ ಎಂಬ ಚಾಳಿ ಸಾಕು. ಭರತ್ ಅವರ ಅನುಭವ ಆರನೆಯ ಕ್ರಮಾಂಕದಲ್ಲಿ ಸಿಕ್ಕರೆ ಇಂದೋರಿನಂಥ ಕುಸಿತಕ್ಕೆ ಒಂದು ತಡೆಗೋಡೆ. ನಿತೀಶ್ ಭಾರತ ತಂಡದಲ್ಲಿದ್ದಷ್ಟು ದಿನ ಆಂಧ್ರಕ್ಕಿಲ್ಲ ಎಂದೇ ಲೆಕ್ಕ ಹಾಕಬೇಕು, ಬಂದರೆ ಬಡ್ಡಿ. ಸ್ಪಿನ್ ವಿಭಾಗದಲ್ಲಿ ಲಲಿತ್ ಮೋಹನ್ ಜೊತೆಗೆ ಉತ್ತರಪ್ರದೇಶದ ಸೌರಭ್ ಕುಮಾರ್ ಅವರನ್ನು 2025-26ಕ್ಕೆ ಕರೆತಂದದ್ದು ಒಳ್ಳೆಯ ಹೆಜ್ಜೆ. ನ್ಯೂಜಿಲೆಂಡನ್ನು ವಿಶ್ವ ಟೆಸ್ಟ್ ಚಾಂಪಿಯನ್ ಮಾಡಿದ ಗ್ಯಾರಿ ಸ್ಟೆಡ್ ಅವರನ್ನು ಅದೇ ಋತುವಿಗೆ ಕೋಚ್ ಆಗಿ ತಂದದ್ದೂ ಹಾಗೆಯೇ. ಆದರೆ ಅಂಥವರಿಂದ ಒಂದೇ ವರ್ಷದಲ್ಲಿ ಫಲ ಕೇಳುವುದು ನ್ಯಾಯವಲ್ಲ. ದೊಡ್ಡ ಕೊರತೆಯಿರುವುದು ವೇಗದ ಬೌಲಿಂಗಿನಲ್ಲಿ. ಶಶಿಕಾಂತ್, ಸ್ಟೀಫನ್ ಅವರಂಥವರು ವರ್ಷಗಟ್ಟಲೆ ಹೊರೆ ಹೊತ್ತಿದ್ದಾರೆ. ಅವರ ಬಳಿಕ ಹಳೆಯ ಚೆಂಡಿನಲ್ಲೂ ವಿಕೆಟ್ ಕೀಳುವ ಹೊಸಬರಿಬ್ಬರನ್ನು ಗುರುತಿಸಿ, ಎರಡು ಋತು ಬಿಡದೆ ಆಡಿಸುವ ಧೈರ್ಯ ಆಯ್ಕೆಗಾರರಿಗೆ ಬರಬೇಕು. ಅದಾಗದೆ ಹೋದರೆ ತಂಡ ಲೀಗ್ ಹಂತ ದಾಟುತ್ತದೆ, ಫೆಬ್ರವರಿಯಲ್ಲಿ ಮತ್ತೆ ಮನೆಗೆ ಬರುತ್ತದೆ.

ಕನ್ನಡ ಕುಟುಂಬಗಳಿಗೆ ಇದರಲ್ಲಿ ಇನ್ನೊಂದು ಲೆಕ್ಕವೂ ಇದೆ. ಬ್ಯಾಂಕು, ಬಂದರು, ರೈಲ್ವೆ, ಉಕ್ಕಿನ ಕಾರ್ಖಾನೆ ಎಂದು ಬಂದು ನೆಲೆನಿಂತ ನಮ್ಮಲ್ಲಿ ವರ್ಗಾವಣೆಯ ಆದೇಶ ಎಂಬುದು ಮನೆಯ ಹಿರಿಯನಿದ್ದಂತೆ; ಯಾವಾಗ ಬಂದು ಬಾಗಿಲು ತಟ್ಟುತ್ತದೋ ತಿಳಿಯದು. ನಿತೀಶ್ ಅವರ ತಂದೆ ಮುತ್ಯಾಲ ರೆಡ್ಡಿ ವಿಶಾಖಪಟ್ಟಣದ ಹಿಂದೂಸ್ತಾನ್ ಜಿಂಕ್‌ನಲ್ಲಿದ್ದವರು. ಉದಯಪುರಕ್ಕೆ ವರ್ಗವಾದಾಗ ಮಗನ ಆಟಕ್ಕಾಗಿ ಕೆಲಸವನ್ನೇ ಬಿಟ್ಟರು. ಅಂಥ ಎದೆಗಾರಿಕೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ಹಿಂದೆ ಜಿ.ಆರ್. ವಿಶ್ವನಾಥ್ ಅವರಂಥವರಿಗೆ ಸ್ಟೇಟ್ ಬ್ಯಾಂಕಿನ ನೌಕರಿ ಆಸರೆಯಾಗಿತ್ತು. ಇಂದು ಹುಡುಗರ ಕಣ್ಣು ಐಪಿಎಲ್ ಹರಾಜಿನ ಮೇಲೆ, ಇಲ್ಲವಾದರೆ ಇಂಜಿನಿಯರಿಂಗ್ ಸೀಟಿನ ಮೇಲೆ. ನಡುವಿನ ದಾರಿ ಎಂದರೆ ರಣಜಿ ತಂಡದಲ್ಲಿ ಹತ್ತು ವರ್ಷ ಗೌರವದಿಂದ ಆಡಬಹುದಾದ ಬದುಕು. ಆ ದಾರಿ ಈ ರಾಜ್ಯದಲ್ಲಿ ಗಟ್ಟಿಯಾಗಿದೆ ಎಂದು ತಾಯ್ತಂದೆಯರಿಗೆ ನಂಬಿಕೆ ಬಂದರೆ ಮಾತ್ರ ಹದಿನಾಲ್ಕರ ಹುಡುಗನನ್ನು ಕಡಪದ ವಸತಿ ಅಕಾಡೆಮಿಗೆ ಕಳಿಸಿಯಾರು. ನಾಯಕನೇ ಊರು ಬಿಟ್ಟು ಹೋಗುವ ತಂಡವನ್ನು ನೋಡಿ ಆ ನಂಬಿಕೆ ಹುಟ್ಟುವುದು ಕಷ್ಟ.

ಹೊಸ ಋತುವಿನ ಪಟ್ಟಿ ಪ್ರಕಟವಾದಾಗ ಮೊದಲು ನಾವು ನೋಡುವುದು ನಾಯಕನ ಹೆಸರನ್ನು, ಅನಂತರ ಇಬ್ಬರು ವೇಗಿಗಳ ಹೆಸರನ್ನು. ಆಂಧ್ರ ಮತ್ತು ಕರ್ನಾಟಕ ಒಂದೇ ಗುಂಪಿನಲ್ಲಿ ಬಂದು ಪಂದ್ಯ ಮಧುರವಾಡದಲ್ಲಿ ನಡೆದರೆ ಯಾವ ಕಡೆ ಕೂಗುವುದೆಂಬ ಜಗಳ ನಮ್ಮ ಮನೆಗಳಲ್ಲಿ ಆರಂಭವಾಗುತ್ತದೆ. ಮಕ್ಕಳ ಪಕ್ಷ ಯಾವುದೆಂದು ಎಲ್ಲರಿಗೂ ಗೊತ್ತಿದೆ.