ಅಳತೆ ಗೊತ್ತು, ಊರು ಗೊತ್ತಿಲ್ಲ

ನಮ್ಮ ಬಳಗದ ಒಬ್ಬರ ಊರು ಹೊಸದುರ್ಗ ತಾಲ್ಲೂಕಿನಲ್ಲಿದೆ. ಅಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಕೂಲಿಗೆ ಹೋದ ಹೆಂಗಸರು ಊರು ಸೇರುವುದು ಸಂಜೆ ಆರೂವರೆಗೆ, ಘಟಕಕ್ಕೆ ಬೀಗ ಬೀಳುವುದು ಆರಕ್ಕೆ. ನಲ್ಲಿ ಕೆಳಗಿನ ಕಟ್ಟೆ ಕ್ಯಾನಿನ ಅಳತೆಯದು, ಕೊಡ ಇಟ್ಟರೆ ಉರುಳುತ್ತದೆ. ಶುದ್ಧಿ ಮಾಡಿ ಉಳಿದ ನೀರಿನಲ್ಲಿ ಫ್ಲೋರೈಡು, ಉಪ್ಪು ಎರಡೂ ಮೊದಲಿಗಿಂತ ಗಟ್ಟಿಯಾಗಿರುತ್ತವೆ. ಅದು ಹರಿಯುವುದು ಪಕ್ಕದ ಚರಂಡಿಗೆ. ಚರಂಡಿ ಹೋಗುವುದು ಕೊಳವೆಬಾವಿ ಕಡೆಗೇ.

ಇದನ್ನು ಮಾಡಿದವರು ದಡ್ಡರಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡು ಹಲ್ಲಿಗೂ ಮೂಳೆಗೂ ಕೆಟ್ಟದ್ದು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿರುವುದು ಬೇರೆ, ತಿಳಿಯುವುದು ಬೇರೆ. ನಮ್ಮ ಭಾಷೆಯಲ್ಲಿ ನೀರೂ ತಿಳಿಯಾಗುತ್ತದೆ, ಮನಸ್ಸೂ ತಿಳಿಯಾಗುತ್ತದೆ. ಎರಡಕ್ಕೂ ಒಂದಷ್ಟು ಹೊತ್ತು ಕಲಕದೆ ಬಿಡಬೇಕು. ಒಂದು ಸಂಜೆ ಆ ಕಟ್ಟೆ ಮೇಲೆ ಸುಮ್ಮನೆ ಕೂತಿದ್ದರೆ ಸಾಕಿತ್ತು, ಬೀಗದ ಹೊತ್ತು ಬದಲಾಗುತ್ತಿತ್ತು.

ಚಿತ್ರದುರ್ಗದ ಕೋಟೆಗೆ ಹೋದವರು ಒನಕೆ ಓಬವ್ವನ ಕಿಂಡಿ ನೋಡಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ಹೊಂಡಗಳನ್ನು ನೋಡಿ. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ-ತಂಗಿ ಹೊಂಡ, ಆಮೇಲೆ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡ. ಮಳೆ ಕಡಿಮೆ, ಬಂಡೆ ಹೆಚ್ಚು. ಬಂಡೆ ನೀರು ಕುಡಿಯುವುದಿಲ್ಲ, ಜಾರಿಸಿ ಬಿಡುತ್ತದೆ. ಜಾರುವ ನೀರು ಎಲ್ಲಿ ನಿಲ್ಲುತ್ತದೆ ಅಂತ ಎಷ್ಟೋ ಮಳೆಗಾಲ ನೋಡಿದವರು ಮಾತ್ರ ಹೀಗೆ ಕಟ್ಟಬಲ್ಲರು. ಅವರ ಕೈಲಿ ಪಂಪೂ ಇರಲಿಲ್ಲ, ಟೆಂಡರೂ ಇರಲಿಲ್ಲ.

"ಹಳೆಯದೆಲ್ಲ ಚಿನ್ನ ಅಂತೀರಾ? ಮಾರಿಕಣಿವೆ ತುಂಬೋಕೆ ಎಷ್ಟು ವರ್ಷ ಬೇಕಾಯ್ತು?" ಅಂತ ಹಿರಿಯೂರಿನ ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. 1907ರಲ್ಲಿ ಮುಗಿದ ವಾಣಿ ವಿಲಾಸ ಸಾಗರ ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 89 ವರ್ಷ ಬಿಟ್ಟು 2022ರಲ್ಲಿ. 2025ರಲ್ಲಿ ಮತ್ತೊಮ್ಮೆ. ಆದರೆ ಕೋಡಿ ಬೀಳುವುದೇ ಅಣೆಕಟ್ಟಿನ ಕೆಲಸ ಅಂದವರು ಯಾರು? ಬರದ ಸೀಮೆಯಲ್ಲಿ ಒಳ್ಳೆ ವರ್ಷದ ನೀರನ್ನು ಕೆಟ್ಟ ವರ್ಷಕ್ಕೆ ಹಿಡಿದಿಡಬೇಕು, ಅದಕ್ಕೆ 30 ಟಿಎಂಸಿ ಹಿಡಿಯುವ ದೊಡ್ಡ ಹೊಟ್ಟೆ ಬೇಕು. ಕಣಜ ತುಂಬಿ ಚೆಲ್ಲಲಿಲ್ಲ ಅಂತ ಕಣಜ ಕಟ್ಟಿದವನನ್ನು ಯಾರೂ ಬೈಯುವುದಿಲ್ಲ.

ಈ ತಪ್ಪು ನಮ್ಮದೂ ಹೌದು. ಪತ್ರಿಕೋದ್ಯಮ ಓದಿ ಬಂದ ಹೊಸತರಲ್ಲಿ ನಾವೂ ಹೊಳಲ್ಕೆರೆ ಕಡೆ ಎಷ್ಟು ಘಟಕ ಇವೆ, ಎಷ್ಟು ಕೆಟ್ಟಿವೆ ಅಂತ ಎಣಿಸುತ್ತಾ ತಿರುಗಿದೆವು. ಒಬ್ಬ ಅಜ್ಜಿ ಕರೆದು, "ಎಣಿಸಿದ್ದಾಯ್ತಲ್ಲಪ್ಪ, ಈಗ ಈ ಕೊಡ ಎತ್ತಿ ನೋಡು" ಅಂದರು. ಎತ್ತಿದೆವು. ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಅರ್ಧ ನೀರು ಮೈಮೇಲೆ ಚೆಲ್ಲಿತ್ತು. ಮೆಟ್ಟಿಲು ಅಷ್ಟು ಎತ್ತರ! ನಮ್ಮ ಪಟ್ಟಿಯಲ್ಲಿ ಆ ಘಟಕದ ಮುಂದೆ "ಸುಸ್ಥಿತಿ" ಅಂತ ಬರೆದಿದ್ದೆವು.

ಹಾಗಾಗಿ ಇನ್ನು ಮುಂದೆ ಗ್ರಾಮಸಭೆಯಲ್ಲಿ ಘಟಕ ಎಷ್ಟು ಲಕ್ಷದ್ದು ಅಂತ ನಾವು ಕೇಳುವುದಿಲ್ಲ. ನಕ್ಷೆ ಬರೆಯುವ ಮೊದಲು ನೀರು ಹೊರುವವರನ್ನು ಯಾರು ಮಾತಾಡಿಸಿದರು, ಉಳಿದ ನೀರು ಎಲ್ಲಿಗೆ ಹೋಗುತ್ತದೆ, ಬೀಗದ ಕೈ ಯಾರ ಹತ್ತಿರ ಇದೆ, ಇಷ್ಟೇ ಕೇಳುತ್ತೇವೆ. ನೀವೂ ಬನ್ನಿ, ಕೊಡ ತನ್ನಿ.