ಲಾರಿ ಒಬ್ಬರದು, ಕಾಂಟ್ರ್ಯಾಕ್ಟ್ ಇನ್ನೊಬ್ಬರದು

ಸರಕು ಸಾಗಣೆಯ ಕಾಂಟ್ರ್ಯಾಕ್ಟಿಗೆ ದೊಡ್ಡ ಕಂಪನಿಯೂ ಸಣ್ಣ ಮಾಲೀಕನೂ ಸರಿಸಮನಾಗಿ ಪೈಪೋಟಿ ಮಾಡುತ್ತಾರೆ ಎಂದು ನಂಬಿದವರು ಒಮ್ಮೆ ನವಿ ಮುಂಬೈನ ಕಳಂಬೋಲಿಗೋ ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರಕ್ಕೋ ಹೋಗಿ ಬರಲಿ. ಅಲ್ಲಿ ಲೋಡಿಗಾಗಿ ಕಾದು ನಿಂತ ಲಾರಿ ಮಾಲೀಕರಲ್ಲಿ ಹೆಚ್ಚಿನವರು ಟೆಂಡರಿನ ಮುಖ ಕಂಡವರಲ್ಲ. ಟೆಂಡರ್ ಗೆದ್ದವರ ಸರಕು ಹೊರುವವರು ಮಾತ್ರ ಅವರೇ.

ದೇಶದ ಲಾರಿಗಳಲ್ಲಿ ಬಹುಪಾಲು ಇರುವುದು ನಾಲ್ಕೈದು ಗಾಡಿ ಮೀರದ ಮಾಲೀಕರ ಕೈಯಲ್ಲಿ. ಟೆಂಡರಿನ ಷರತ್ತುಗಳು ಅವರನ್ನು ಬಾಗಿಲಲ್ಲೇ ತಡೆಯುತ್ತವೆ: ಮೂರು ವರ್ಷ ಇಷ್ಟು ಕೋಟಿ ವಹಿವಾಟು, ಬ್ಯಾಂಕ್ ಗ್ಯಾರಂಟಿ, ಊರೂರಿಗೆ ಶಾಖೆ, ಬಿಲ್ ಹಣಕ್ಕೆ ಎರಡು ಮೂರು ತಿಂಗಳ ಕಾಯುವಿಕೆ. ಡೀಸೆಲಿಗೆ ಅಂದೇ ದುಡ್ಡು ಕೊಡಬೇಕಾದವನು, ತಿಂಗಳು ತಿಂಗಳು ಕಂತು ಕಟ್ಟುವವನು ಅಷ್ಟು ದಿನ ಹೇಗೆ ಕಾದಾನು? ಈ ಆಟದಲ್ಲಿ ಗೆಲ್ಲುವುದು ಕಾಯಬಲ್ಲ ಬಂಡವಾಳ.

ಬಾಗಿಲು ದಾಟಿದವರ ನಡುವೆ ರಿವರ್ಸ್ ಆಕ್ಷನ್. ದರ ಇಳಿಯುತ್ತಾ ಹೋಗುತ್ತದೆ. ಗೆದ್ದ ಕಂಪನಿ ತನ್ನ ಪಾಲು ಇಟ್ಟುಕೊಂಡು ಬ್ರೋಕರಿಗೆ ಫೋನು ಮಾಡುತ್ತದೆ, ಬ್ರೋಕರು ಕಮಿಷನ್ ಮುರಿದುಕೊಳ್ಳುತ್ತಾನೆ, ಉಳಿದದ್ದು ಲಾರಿಯವನಿಗೆ. ಅದರಲ್ಲೂ ಬಾಕಿ ಬಾಡಿಗೆ ಡೆಲಿವರಿ ರಸೀದಿ ವಾಪಸ್ ಬಂದ ಮೇಲೆ. ಗೋಡೌನ್ ಮುಂದೆ ಎರಡು ದಿನ ನಿಂತ ಹಾಲ್ಟಿಂಗ್ ಸಿಕ್ಕರೆ ಪುಣ್ಯ. ನಾಲ್ಕು ಚೀಲ ಒದ್ದೆಯಾದರೆ ಕಡಿತ ಖಂಡಿತ. ಇದನ್ನು ತುಂಬಿಕೊಳ್ಳಲು ಉಳಿಯುವ ದಾರಿ ಎರಡೇ: ಹೆಚ್ಚು ಭಾರ, ಕಡಿಮೆ ನಿದ್ದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಅತಿಭಾರಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ರಸ್ತೆಯಲ್ಲಿ ಸಿಕ್ಕಿಬೀಳುವವನು ಚಾಲಕ. ದರ ಇಳಿಸಿದವರು ಎಸಿ ಕೋಣೆಯಲ್ಲಿರುತ್ತಾರೆ.

ದೊಡ್ಡವರಿಂದ ದಕ್ಷತೆ ಬರುತ್ತದೆ ಎನ್ನುತ್ತಾರೆ. ಒಂದೇ ಬಿಲ್, ಜಿಪಿಎಸ್, ಸರಕು ಹಾಳಾದರೆ ಹೊಣೆ ಹೊರುವವರು: ಇವೆಲ್ಲ ನಿಜವಾದ ಸೇವೆಗಳೇ, ಅದಕ್ಕೆ ಬೆಲೆಯೂ ಇರಲಿ. ಆದರೆ ಬಾಡಿಗೆ ಲಾರಿಯಲ್ಲಿ ಸಾಗಿಸಿ, ಡೀಸೆಲ್ ಏರಿಕೆ, ಕಾಯುವಿಕೆ, ದಂಡ ಎಲ್ಲವನ್ನೂ ಕೆಳಗೆ ದಾಟಿಸುವುದು ಯಾವ ದಕ್ಷತೆ?

ಕಾನೂನು ಇಲ್ಲದಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಎನ್ನುತ್ತದೆ. ನೋಂದಣಿಯೇ ಇಲ್ಲದ, ಬ್ರೋಕರಿನ ಚೀಟಿ ಬಿಟ್ಟರೆ ಬೇರೆ ಕಾಗದವಿಲ್ಲದ ಮಾಲೀಕ ಯಾರ ಮೇಲೆ ದೂರು ಕೊಡಬೇಕು? ಕೊಟ್ಟರೆ ನಾಳೆ ಲೋಡ್ ಕೊಡುವವರು ಯಾರು?

ವಿಜಯ ಸಂಕೇಶ್ವರ 1976ರಲ್ಲಿ ಗದಗದಲ್ಲಿ ಶುರುಮಾಡಿದ್ದು ಒಂದೇ ಲಾರಿಯಿಂದ. ಆ ಕಥೆ ಹೇಳಿ ಹೆಮ್ಮೆಪಡುವ ನಾವು, ಇವತ್ತಿನ ಒಂದು ಲಾರಿಯವನಿಗೆ ಆ ದಾರಿ ತೆರೆದಿದೆಯೇ ಎಂದೂ ಕೇಳಬೇಕು.

ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ದೊಡ್ಡ ಟೆಂಡರನ್ನು ಮಾರ್ಗವಾರು ಒಡೆಯಿರಿ, ಮಾಲೀಕರ ಸಂಘಗಳೂ ಬರಲಿ. ದರವನ್ನು ಡೀಸೆಲ್ ಬೆಲೆಗೆ ಕಟ್ಟಿ, ಆ ಏರಿಕೆ ಲಾರಿಯವನಿಗೂ ತಲುಪಲಿ. ಹಾಲ್ಟಿಂಗ್ ಕರಾರಿನಲ್ಲೇ ಬರೆಯಿರಿ. ಸರಕು ಕಳಿಸುವ ಕಂಪನಿಯೇ, ಲಾರಿಯವನ ಬಾಡಿಗೆ ಸಂದಿತೇ ಎಂದು ನೋಡಿ ಬಿಲ್ ಪಾಸು ಮಾಡಲಿ. ಇಷ್ಟನ್ನೂ ಒಪ್ಪದವರು ಪೈಪೋಟಿ ಎಂಬ ಮಾತನ್ನಾದರೂ ಬಿಡಲಿ.